ಸೂಜಿ ಮುಟ್ಟದ ಉಡುಪು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸಂತೆಗೆ ಬರುವ ವಯಸ್ಸಾದ ರೈತರನ್ನು ಕಂಡವರಿಗೆ ಕಚ್ಚೆ ಹಾಕಿದ ದೋತರ ಹೊಸದಲ್ಲ. ಹೊಸದಲ್ಲವೆಂಬ ಕಾರಣದಿಂದಲೇ ಅದರೊಳಗಿನ ಜಾಣ್ಮೆ ನಮ್ಮ ಗಮನಕ್ಕೆ ಬಾರದೆ ಹೋಗಿದೆ. ಉದ್ದನೆಯ ಆಯತಾಕಾರದ ಒಂದು ಬಟ್ಟೆ. ಅದಕ್ಕೆ ಕತ್ತರಿಯಿಲ್ಲ, ಸೂಜಿಯಿಲ್ಲ, ಗುಂಡಿಯಿಲ್ಲ, ಲಾಡಿಯಿಲ್ಲ. ಆದರೂ ಎರಡು ಕಾಲುಗಳಿಗೂ ಬೇರೆ ಬೇರೆ ಹೊದಿಕೆಯಿರುವ ಉಡುಪು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಇದು ಹೇಗೆ ಸಾಧ್ಯವೆಂಬುದನ್ನು ನೋಡೋಣ.

ಮೊದಲು ಲುಂಗಿಯನ್ನು ತೆಗೆದುಕೊಳ್ಳೋಣ. ಅದು ಒಂದು ಕೊಳವೆ. ಅದರ ಸುತ್ತಳತೆ 2 ಮೀಟರ್ ಇದ್ದರೆ, ಒಳಗಿನ ಎರಡು ಕಾಲುಗಳು ಎಷ್ಟು ದೂರ ಸರಿದರೂ ಹೆಚ್ಚೆಂದರೆ 90 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಬೇಕಾಗುತ್ತದೆ. ನಡಿಗೆಗೆ ಇಷ್ಟು ಸಾಕು. ಆದರೆ ನೀರು ಹಾಯಿಸಿದ ಕಬ್ಬಿನ ಗದ್ದೆಯ ಕಾಲುವೆ ದಾಟುವುದಕ್ಕೆ, ಎರಿಮಣ್ಣಿನ ಕೆಸರಿನಲ್ಲಿ ಎತ್ತುಗಳ ಹಿಂದೆ ಓಡುವುದಕ್ಕೆ ಇದು ಸಾಲದು. ಲುಂಗಿ ಉಟ್ಟವರು ಅದನ್ನು ಮೇಲೆತ್ತಿ ಕಟ್ಟಿಕೊಳ್ಳುವುದು ಇದಕ್ಕಾಗಿಯೇ. ಕಚ್ಚೆ ಈ ಒಂದು ಕೊಳವೆಯನ್ನು ಎರಡಾಗಿ ಸೀಳಿಬಿಡುತ್ತದೆ. ಕೆಲಸಕ್ಕೆ ಸಿದ್ಧನಾದವನನ್ನು 'ಕಚ್ಚೆ ಕಟ್ಟಿ ನಿಂತ' ಎಂದು ನಾವು ಹೇಳುವುದು ಸುಮ್ಮನೆ ಅಲ್ಲ.

ಇದೇ ತೊಡಕನ್ನು ಬಿಡಿಸಿದ ಇನ್ನೊಂದು ನಾಡು ಹಿಂದಿನ ಸಿಯಾಮ್, ಅಂದರೆ ಈಗಿನ ಥಾಯ್ಲೆಂಡ್. ಅಲ್ಲಿಯ ಉಡುಪಿಗೆ ಚೋಂಗ್ ಕ್ರಬೇನ್ ಎಂದು ಹೆಸರು. ನೆರೆಯ ಕಾಂಬೋಡಿಯದಲ್ಲಿಯೂ ಇದು ಉಂಟು. ಸುಮಾರು 3 ಮೀಟರ್ ಉದ್ದದ ಬಟ್ಟೆಯ ನಡುಭಾಗವನ್ನು ಬೆನ್ನಿಗಿಟ್ಟು, ಎರಡು ತುದಿಗಳನ್ನೂ ಮುಂದಕ್ಕೆ ತಂದು, ಹೊಟ್ಟೆಯ ಬಳಿ ಬಿಗಿದು, ಉಳಿದ ತುದಿಗಳೆರಡನ್ನೂ ಕೂಡಿಸಿ ಹುರಿಯಂತೆ ಸುತ್ತಿ, ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು ಸೊಂಟದಲ್ಲಿ ಸಿಕ್ಕಿಸುತ್ತಾರೆ. ಗಂಡಸರೂ ಹೆಂಗಸರೂ ಇದನ್ನು ಉಡುತ್ತಿದ್ದರು. 1872ರಲ್ಲಿ ನಮ್ಮ ದೇಶಕ್ಕೆ ಬಂದು ಹೋದ ದೊರೆ ಚೂಳಾಲಂಕರಣನ ಕಾಲದಲ್ಲಿ ಆಸ್ಥಾನಿಕರು ಮೇಲೆ ಬಿಳಿಯ ಹೊಲಿದ ಕೋಟು ತೊಟ್ಟರೂ ಕೆಳಗೆ ಈ ಹೊಲಿಯದ ಬಟ್ಟೆಯನ್ನೇ ಉಳಿಸಿಕೊಂಡರು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸೊಂಟದ ಸುತ್ತಳತೆ 85 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 3 ಮೀಟರ್ ಬಟ್ಟೆಯಲ್ಲಿ ಒಂದು ಸುತ್ತು ಕಳೆದು 215 ಸೆಂಟಿಮೀಟರ್ ಉಳಿಯುತ್ತದೆ. ಅಂದರೆ ಒಂದೊಂದು ತುದಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. ಹೊಟ್ಟೆಯಿಂದ ಕಾಲುಗಳ ಸಂದಿನ ಮೂಲಕ ಬೆನ್ನಿನ ವರೆಗಿನ ದಾರಿ ಸುಮಾರು 75 ಸೆಂಟಿಮೀಟರ್. ಹುರಿ ಹಾಕುವುದಕ್ಕೂ ಸಿಕ್ಕಿಸುವುದಕ್ಕೂ ಉಳಿದದ್ದು ಸರಿಹೋಗುತ್ತದೆ. ಹಾಗಾದರೆ ನಮ್ಮ ದೋತರಕ್ಕೆ ಸುಮಾರು ನಾಲ್ಕೂವರೆ ಮೀಟರ್ ಏಕೆ ಬೇಕು? ನಮ್ಮವರು ತುದಿಗಳನ್ನು ಕೂಡಿಸಲಿಲ್ಲ, ಬೇರ್ಪಡಿಸಿದರು. ಒಂದು ತುದಿ ಹಿಂದಕ್ಕೆ ಹೋಗಿ ಕಚ್ಚೆಯಾಯಿತು. ಇನ್ನೊಂದು ಮುಂದೆ ನಿರಿಗೆಯಾಗಿ ಇಳಿಯಿತು. ಹೆಚ್ಚಿನ ಬಟ್ಟೆಯೆಲ್ಲ ಹೋದದ್ದು ಈ ನಿರಿಗೆಗೆ, ಮೊಣಕಾಲಿನಿಂದ ಕೆಳಗೂ ಕಾಲನ್ನು ಮುಚ್ಚುವುದಕ್ಕೆ. ಮಿತವ್ಯಯದಲ್ಲಿ ಸಿಯಾಮಿನವರು ಗೆದ್ದರೆಂದೇ ಹೇಳಬೇಕು; ಗಾಂಭೀರ್ಯದಲ್ಲಿ ನಮ್ಮವರು!

ಗುಂಡಿಯಿಲ್ಲದ ಈ ಬಟ್ಟೆ ಜಾರುವುದಿಲ್ಲವೇಕೆ? ಕಂಬಕ್ಕೆ ಹಗ್ಗ ಸುತ್ತಿ ದನವನ್ನು ಹಿಡಿದವರಿಗೆ ಇದರ ಗುಟ್ಟು ತಿಳಿದಿದೆ. ಸುತ್ತು ಹೆಚ್ಚಿದಂತೆ ಘರ್ಷಣೆಯ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ 0.3 ಇದ್ದಲ್ಲಿ ಒಂದು ಪೂರ್ಣ ಸುತ್ತಿನ ಬಳಿಕ ತುದಿಯನ್ನು ಹಿಡಿಯಲು ಎಳೆತದ ಆರರಲ್ಲೊಂದು ಪಾಲಿಗಿಂತಲೂ ಕಡಿಮೆ ಬಲ ಸಾಕು. ಎರಡು ಸುತ್ತಾದರೆ ನಲವತ್ತರಲ್ಲೊಂದು ಪಾಲೂ ಬೇಡ. ಸೊಂಟ ಕಂಬದಷ್ಟು ದುಂಡಗೂ ಇಲ್ಲ, ಗಡುಸಾಗಿಯೂ ಇಲ್ಲ. ಆದರೂ ತತ್ತ್ವ ಅದೇ. ಇದರ ಜೊತೆಗೆ, ಹಲವು ಪದರಗಳಾಗಿ ಮಡಿಸಿ ಸಿಕ್ಕಿಸಿದ ನಿರಿಗೆ ಬೆಣೆಯಂತೆ ನಿಲ್ಲುತ್ತದೆ. ಉಸಿರಿಗೆ ಹೊಟ್ಟೆ ಉಬ್ಬಿದಷ್ಟೂ ಬೆಣೆ ಬಿಗಿಯುತ್ತದೆ.

ನೇಯ್ಗೆಯ ಪಾತ್ರವನ್ನೂ ಮರೆಯಬಾರದು. ಮಗ್ಗದಲ್ಲಿ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಲಂಬವಾಗಿ ಹೆಣೆದುಕೊಳ್ಳುತ್ತವೆ. ಆ ಎರಡು ದಿಕ್ಕುಗಳಲ್ಲಿ ಎಳೆದರೆ ಬಟ್ಟೆ ಹೆಚ್ಚು ಹಿಗ್ಗದು. ಓರೆಯಾಗಿ ಎಳೆದರೆ ಮಾತ್ರ ಎಳೆಗಳ ನಡುವಿನ ಚೌಕಗಳು ವಜ್ರಾಕೃತಿಗೆ ತಿರುಗಿ ಬಟ್ಟೆ ಹಿಗ್ಗುತ್ತದೆ. ಕಚ್ಚೆ ಹಾಕಿದಾಗ ತೊಡೆಯ ಮೇಲೆ ಬಟ್ಟೆ ಹಾಯುವುದು ಓರೆಯಾಗಿಯೇ. ಕುಕ್ಕರಗಾಲಿನಲ್ಲಿ ಕುಳಿತರೂ ಅದು ಹರಿಯದೆ ಹಿಗ್ಗಿಕೊಳ್ಳುವುದು ಇದರಿಂದ. ಇನ್ನು ಅಂಚು: ಹೊಕ್ಕಿನ ಎಳೆ ಅಲ್ಲಿ ಮುರಿಯದೆ ಹಿಂದಿರುಗುವುದರಿಂದ ನೂಲು ಬಿಚ್ಚುವುದಿಲ್ಲ, ಮಡಿಸಿ ಹೊಲಿಯಬೇಕಾದುದೂ ಇಲ್ಲ. ದರ್ಜಿಯ ಅರ್ಧ ಕೆಲಸವನ್ನು ನೇಕಾರನೇ ಮುಗಿಸಿರುತ್ತಾನೆ.

ನೇಕಾರನ ಮಾತು ಬಂದಾಗ ರಬಕವಿ-ಬನಹಟ್ಟಿಯನ್ನು ನೆನೆಯದೆ ಇರಲಾಗದು. ಅಲ್ಲಿಯ ಮಗ್ಗಗಳ ಮುಖ್ಯ ಸರಕು ಸೀರೆ. ಈ ಭಾಗದ ಹೆಂಗಸರೂ ಹೊಲದ ದುಡಿಮೆಗೆ ಕಚ್ಚೆ ಹಾಕಿಯೇ ಸೀರೆ ಉಡುತ್ತಿದ್ದರು. ಈಗಲೂ ಹಳ್ಳಿಗಳಲ್ಲಿ ಕೆಲವು ಮುದುಕಿಯರು ಹಾಗೆ ಉಡುತ್ತಾರೆ. ಅದಕ್ಕೆ ಎಂಟೊಂಬತ್ತು ಗಜ ಬೇಕು. ಕಚ್ಚೆ ಬಿಟ್ಟು ನಿರಿಗೆಯಷ್ಟೇ ಉಳಿದರೆ ಆರು ಗಜ ಸಾಕು. 9 ಗಜವೆಂದರೆ ಸುಮಾರು 8.2 ಮೀಟರ್, 6 ಗಜವೆಂದರೆ 5.5 ಮೀಟರ್. ಉಡುವ ರೀತಿ ಬದಲಾದಾಗ ಒಂದೊಂದು ಸೀರೆಯ ಮೇಲೆ ಮಗ್ಗದ ದುಡಿಮೆಯ ಮೂರರಲ್ಲೊಂದು ಪಾಲು ಕಡಿಮೆಯಾಯಿತೆಂದಾಯಿತು. ಕೈಮಗ್ಗಕ್ಕೆಂದು ಕೆಲವು ಬಗೆಯ ಸೀರೆ, ದೋತರಗಳನ್ನು ಕಾದಿರಿಸಿದ 1985ರ ಕಾಯಿದೆ ಯಾರು ನೇಯಬೇಕೆಂಬುದನ್ನು ಹೇಳಬಲ್ಲದು. ಯಾರು ಹೇಗೆ ಉಡಬೇಕೆಂಬುದನ್ನು ಹೇಳಲಾರದು.

ಥಾಯ್ಲೆಂಡಿನಲ್ಲಿ ಅದನ್ನೂ ಹೇಳಿದರು. 1939ರಿಂದ 1942ರ ವರೆಗೆ ಫಿಬುನ್ ಸರಕಾರವು ಹೊರಡಿಸಿದ ಸಾಂಸ್ಕೃತಿಕ ಕಟ್ಟಳೆಗಳ ಕಾಲದಲ್ಲಿ ಗಂಡಸರು ಷರಾಯಿ, ಹೆಂಗಸರು ಲಂಗ ತೊಡಬೇಕೆಂಬ ಒತ್ತಾಯ ಬಂದಿತು. ಚೋಂಗ್ ಕ್ರಬೇನ್ ನಿತ್ಯದ ಉಡುಪಾಗಿ ಉಳಿಯದೆ ನಾಟ್ಯಕ್ಕೂ ಮದುವೆಗೂ ಹಬ್ಬಕ್ಕೂ ಸರಿಯಿತು. ಕೃಷ್ಣಾ-ಘಟಪ್ರಭೆಯರ ತೀರದಲ್ಲಿ ಅಂಥ ಕಟ್ಟಳೆಯನ್ನು ಯಾರೂ ಹೊರಡಿಸಲಿಲ್ಲ. ಇಲ್ಲಿ ತರುಣರ ಸೊಂಟದಿಂದ ಕಚ್ಚೆ ತಾನಾಗಿಯೇ ಇಳಿಯಿತು.