ಮುಳ್ಳಿನ ವಾಚು, ಪರದೆಯ ವಾಚು



ಈಗ ಗಂಟೆ ಎಷ್ಟು? ಓದುವುದನ್ನು ಒಂದು ಕ್ಷಣ ನಿಲ್ಲಿಸಿ. ಗೋಡೆಯ ಗಡಿಯಾರವನ್ನೋ ಕೈಗಡಿಯಾರವನ್ನೋ ನೋಡಿ. ಯಾರನ್ನೂ ಕೇಳದೆ ನೀವೇ ಹೇಳಿ.

ಹೇಳಿದಿರಾ? ಭೇಷ್! ಅಕ್ಷರ ಓದುವುದು ಹೇಗೆ ಒಂದು ವಿದ್ಯೆಯೋ, ಗಡಿಯಾರ ಓದುವುದೂ ಹಾಗೇ ಒಂದು ವಿದ್ಯೆ. ಇವತ್ತಿನ ಪಾಠ ಅದರ ಬಗ್ಗೆಯೇ.

ಒಬ್ಬ ಅಕ್ಕನ ಕತೆ

ತಳಿ ಕಡೆಯ ಒಬ್ಬ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಹಗಲು ಗುಲಾಬಿ ತೋಟದಲ್ಲಿ ಕೂಲಿ. ಹೊಸೂರು ಸೀಮೆಯ ಗುಲಾಬಿ ವಿಮಾನ ಹತ್ತಿ ಪರದೇಶಕ್ಕೂ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಹೂವು ಬಿಸಿಲೇರುವ ಮುಂಚೆ ಕೊಯ್ಯಬೇಕು. ಅದಕ್ಕೇ ಕೂಲಿಯವರ ವ್ಯಾನು ಬೆಳಿಗ್ಗೆ ಐದೂವರೆಗೆ ಊರ ಬಾಗಿಲಿಗೆ ಬರುತ್ತದೆ. ಯಾರಿಗೂ ಕಾಯುವುದಿಲ್ಲ.

ಈ ಅಕ್ಕ ಮೊದಲು ಟೈಮ್ ಕೇಳಿಕೊಂಡೇ ಬದುಕಿದವರು. ಪಕ್ಕದ ಮನೆಯವರನ್ನು ಕೇಳಬೇಕು, ಬಸ್ಸಿನಲ್ಲಿ ಕೇಳಬೇಕು, ಆಸ್ಪತ್ರೆಯಲ್ಲಿ ಕೇಳಬೇಕು. “ಎಷ್ಟ್ ಸಲ ಅಂತ ಕೇಳೋದು ಮೇಡಂ? ನಾಚ್ಕೆ ಆಗ್ತಿತ್ತು” ಅಂದರು ಒಂದು ದಿನ. ಕೇಂದ್ರದಲ್ಲಿ ರಟ್ಟಿನ ಗಡಿಯಾರ ತಿರುಗಿಸಿ ತಿರುಗಿಸಿ ಕಲಿತರು. ಒಂದು ತಿಂಗಳಲ್ಲಿ ಬಂದೇ ಬಿಟ್ಟಿತು.

ಕಲಿತ ಮೇಲೆ ಕೈಗೊಂದು ವಾಚ್ ಬೇಡವೇ? ಮಗ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಪ್ರೀತಿಯಿಂದ ಸ್ಮಾರ್ಟ್ ವಾಚ್ ತಂದು ಕೊಟ್ಟ. ಮುಟ್ಟಿದರೆ ಬೆಳಗುತ್ತದೆ. ಎಷ್ಟು ಹೆಜ್ಜೆ ನಡೆದಿರಿ ಅಂತ ಲೆಕ್ಕ ಹೇಳುತ್ತದೆ. ಅಕ್ಕನಿಗೂ ಖುಷಿ, ಓಣಿಗೂ ಖುಷಿ.

ಒಂದು ದಿನ ರಾತ್ರಿ ಅದನ್ನು ಚಾರ್ಜಿಗೆ ಹಾಕಲು ಮರೆತರು. ಅಕ್ಕ ರೂಢಿಯಂತೆ ಕತ್ತಲಲ್ಲೇ ಎದ್ದರು. ವಾಚ್ ಮುಟ್ಟಿದರು. ಕಪ್ಪು. ಗುಂಡಿ ಒತ್ತಿದರು. ಆಗಲೂ ಕಪ್ಪು. ‘ನಾನೇ ಸರಿಯಾಗಿ ಒತ್ತಿಲ್ಲವೇನೋ’ ಅಂದುಕೊಂಡರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಗನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಇನ್ನೂ ಹೊತ್ತಿದೆ ಅಂತ ಕುಳಿತರು. ಅಷ್ಟರಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಓಡಿ ಹೋಗುವಷ್ಟರಲ್ಲಿ ಅದು ತಿರುವು ದಾಟಿತ್ತು. ಒಂದು ದಿನದ ಕೂಲಿ ಹೋಯಿತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅಕ್ಕ ಅವತ್ತು ಒಂದು ತೀರ್ಮಾನ ಮಾಡಿದರು. ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಒಂದು ವಾಚು ತೆಗೆದರು. ಅದು ತೀರಿಹೋದ ಯಜಮಾನರ ಎಚ್.ಎಂ.ಟಿ. ವಾಚು. ವರ್ಷಗಟ್ಟಲೆ ಅದನ್ನು ಇಟ್ಟುಕೊಂಡಿದ್ದರೂ ಓದಲು ಬರುತ್ತಿರಲಿಲ್ಲ. ಮಗನಿಗೆ ಹೇಳಿದರು: “ಆ ಹೊಸಾದು ನೀನೇ ಕಟ್ಕೋ ಕಂದ. ನಂಗೆ ಇದನ್ನ ರಿಪೇರಿ ಮಾಡಿಸ್ಕೊಡು.” ಹೊಸೂರಿನಲ್ಲಿ ರಿಪೇರಿಯವರು ಒಳಗೆಲ್ಲ ತೊಳೆದು ಎಣ್ಣೆ ಬಿಟ್ಟು ಕೊಟ್ಟರು. ಟಿಕ್ ಟಿಕ್ ಅಂತ ಓಡಿತು. ಈಗ ಅಕ್ಕ ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟು ಕಟ್ಟಿಕೊಂಡು ಹೋಗುತ್ತಾರೆ.

ನಮ್ಮ ಊರಿಗೂ ವಾಚಿಗೂ ನಂಟು

ಗಡಿಯಾರಕ್ಕೆ ನಾವು ಗಡಿಯಾರ ಅಂತೀವಿ. ತೆಲುಗಿನವರು ಗಡಿಯಾರಂ ಅಂತಾರೆ. ತಮಿಳಿನವರು ಕಡಿಗಾರಂ ಅಂತಾರೆ. ಗಡಿಯಲ್ಲಿ ಇರುವ ನಮಗೆ ಮೂರೂ ಗೊತ್ತು. ಹಿಂದಿನವರು ಹೊತ್ತನ್ನು ಗಳಿಗೆಯಲ್ಲಿ ಎಣಿಸುತ್ತಿದ್ದರು. ಒಂದು ಗಳಿಗೆಗೆ 24 ನಿಮಿಷ. ಒಂದು ಹಗಲು, ಒಂದು ರಾತ್ರಿ ಸೇರಿದರೆ 60 ಗಳಿಗೆ.

ಎಚ್.ಎಂ.ಟಿ. ಸರ್ಕಾರದ ಕಂಪನಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಅದರ ವಾಚು ಕಾರ್ಖಾನೆ ಆಯಿತು. ಆಮೇಲೆ ತುಮಕೂರಿನಲ್ಲೂ ಆಯಿತು. ‘ಜನತಾ’ ಎಂಬ ಅದರ ವಾಚು ಬಹಳ ಹೆಸರು ಮಾಡಿತ್ತು. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ. ವಾಚು ಕೊಡುವುದು ಆಗ ದೊಡ್ಡ ಮಾತು. 2016ರಲ್ಲಿ ಈ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೂ ಹಳೆಯ ವಾಚುಗಳು ಇನ್ನೂ ಎಷ್ಟೋ ಮನೆಗಳಲ್ಲಿ ಓಡುತ್ತಿವೆ.

ಟೈಟಾನ್ ನಮ್ಮ ಹೊಸೂರಿನದೇ. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ಟಿಡ್ಕೊ ನಿಗಮವೂ ಕೂಡಿ ಆ ಕಂಪನಿ ಕಟ್ಟಿದವು. ಹೊಸೂರಿನಲ್ಲಿ ಕಾರ್ಖಾನೆ ಎದ್ದಿತು. ಸುತ್ತಮುತ್ತಲ ಹುಡುಗರು, ಹುಡುಗಿಯರು ಅಲ್ಲಿ ಕೆಲಸಕ್ಕೆ ಸೇರಿದರು. ಕೂದಲೆಳೆಯಂಥ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಅದು. 2002ರಲ್ಲಿ ‘ಎಡ್ಜ್’ ಎಂಬ ತೀರ ತೆಳುವಾದ ವಾಚು ಬಂತು. ಅದರ ದಪ್ಪ ಬರೀ 3.5 ಮಿಲಿಮೀಟರ್. ಟೈಟಾನ್ ಕಂಪನಿ ಈಗ ಸ್ಮಾರ್ಟ್ ವಾಚನ್ನೂ ಮಾರುತ್ತದೆ. ಅಂದಮೇಲೆ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ಆರಿಸುವುದು ನಮ್ಮ ಕೆಲಸ.

ಒಳಗೆ ಏನಿದೆ?

ವಾಚಿನಲ್ಲಿ ಮುಖ್ಯವಾಗಿ ಮೂರು ಬಗೆ.

1. ಕೀ ಕೊಡುವ ವಾಚು. ಇದರೊಳಗೆ ಸುರುಳಿ ಸುತ್ತಿದ ಒಂದು ಉಕ್ಕಿನ ಪಟ್ಟಿ ಇದೆ. ಅದೇ ಸ್ಪ್ರಿಂಗು. ಕೀ ಕೊಟ್ಟಾಗ ಅದು ಬಿಗಿಯಾಗುತ್ತದೆ. ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಹಳೆಯ ಹಲವು ವಾಚುಗಳು ಗಂಟೆಗೆ 18,000 ಸಲ ಟಿಕ್ ಅನ್ನುತ್ತವೆ. ಅಂದರೆ ಸೆಕೆಂಡಿಗೆ 5 ಸಲ. ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ. ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಮುಂದೆ ಆಗಬಹುದು. ಆಗಾಗ ಸರಿ ಮಾಡಿಕೊಳ್ಳಬೇಕು.

2. ಸೆಲ್ ವಾಚು. ಇದಕ್ಕೆ ಕ್ವಾರ್ಟ್ಜ್ ವಾಚು ಅಂತಲೂ ಹೆಸರು. ಕ್ವಾರ್ಟ್ಜ್ ಎಂದರೆ ಒಂದು ಬಗೆಯ ಹರಳು. ಗುಂಡಿಯಷ್ಟು ಸಣ್ಣ ಸೆಲ್ಲಿನ ಕರೆಂಟಿನಿಂದ ಈ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಎಣಿಸಿ ಮುಳ್ಳು ಮುಂದೆ ಹೋಗುತ್ತದೆ. ತಿಂಗಳಿಗೆ 15-20 ಸೆಕೆಂಡು ವ್ಯತ್ಯಾಸ ಬಂದರೆ ಹೆಚ್ಚು. ಒಂದು ಸೆಲ್ಲು ಸುಮಾರು ಎರಡು ವರ್ಷ ಬರುತ್ತದೆ. ಚಾರ್ಜು ಬೇಡ, ಕೀ ಬೇಡ.

3. ಸ್ಮಾರ್ಟ್ ವಾಚು. ಇದು ಕೈಗೆ ಕಟ್ಟುವ ಸಣ್ಣ ಕಂಪ್ಯೂಟರ್. ಫೋನಿನ ಜೊತೆ ಸೇರಿಸಬೇಕು. ಕೆಲವಕ್ಕೆ ದಿನಾ ಚಾರ್ಜ್ ಮಾಡಬೇಕು. ಕೆಲವಕ್ಕೆ ವಾರಕ್ಕೊಮ್ಮೆ ಸಾಕು. ಕೆಲವು ವರ್ಷ ಕಳೆದಂತೆ ಬ್ಯಾಟರಿಯ ಶಕ್ತಿ ಇಳಿಯುತ್ತದೆ.

ಮುಳ್ಳು ಓದುವುದು ಹೇಗೆ?

ದೊಡ್ಡ ಮುಳ್ಳಿಗೆ ಐದರ ಮಗ್ಗಿ ಬೇಕು. ಮುಳ್ಳು 1ರಲ್ಲಿದ್ದರೆ 5 ನಿಮಿಷ. 2ರಲ್ಲಿದ್ದರೆ 10 ನಿಮಿಷ. 7ರಲ್ಲಿದ್ದರೆ ಐದೇಳ್ಲಿ ಮೂವತ್ತೈದು, ಅಂದರೆ 35 ನಿಮಿಷ.

ಚಿಕ್ಕ ಮುಳ್ಳಿನಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಎಂಟೂಮುಕ್ಕಾಲು ಆದಾಗ ಚಿಕ್ಕ ಮುಳ್ಳು 9ರ ಹತ್ತಿರ ಇರುತ್ತದೆ. ಅದನ್ನು ನೋಡಿ ‘ಒಂಬತ್ತೂಮುಕ್ಕಾಲು’ ಅಂದುಬಿಡುತ್ತೇವೆ. ಹಾಗಲ್ಲ. ಚಿಕ್ಕ ಮುಳ್ಳು ಯಾವ ಅಂಕಿಯನ್ನು ದಾಟಿದೆಯೋ ಅದೇ ಗಂಟೆ. ಇನ್ನೂ 9 ದಾಟಿಲ್ಲ. ಆದ್ದರಿಂದ ಎಂಟೂಮುಕ್ಕಾಲು.

ಇನ್ನೊಂದು ಮಾತು ಗಮನಿಸಿ. ನಾವು ಬಾಯಲ್ಲಿ ‘ಎಂಟು ನಲವತ್ತೈದು’ ಅನ್ನುವುದು ಕಡಿಮೆ. ಎಂಟೂಕಾಲು, ಎಂಟೂವರೆ, ಎಂಟೂಮುಕ್ಕಾಲು ಅಂತೀವಿ. ಕಾಲು, ಅರೆ, ಮುಕ್ಕಾಲು! ರೊಟ್ಟಿಯನ್ನು ನಾಲ್ಕು ಪಾಲು ಮಾಡಿದ ಹಾಗೆ. ಮುಳ್ಳಿನ ವಾಚಿನಲ್ಲಿ ಈ ಪಾಲು ಕಣ್ಣಿಗೆ ಕಾಣುತ್ತದೆ. ವ್ಯಾನು ಐದೂವರೆಗೆ. ದೊಡ್ಡ ಮುಳ್ಳು ಈಗ 3ರಲ್ಲಿದೆ. 3ರಿಂದ 6ರವರೆಗೆ ಇರುವ ಜಾಗವೇ ನಿಮಗೆ ಉಳಿದಿರುವ ಹೊತ್ತು. ಕಾಲು ಗಂಟೆ. ಕಳೆಯುವ ಲೆಕ್ಕ ಬೇಡ, ನೋಡಿದರೆ ಸಾಕು. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಪರದೆಯ ವಾಚಿನಲ್ಲಿ ಮತ್ತು ರೈಲ್ವೆ ಸ್ಟೇಷನ್ನಿನಲ್ಲಿ 17:30 ಅಂತ ಬರುವುದುಂಟು. ಗಾಬರಿ ಬೇಡ. 17ರಲ್ಲಿ 12 ಕಳೆಯಿರಿ. 5 ಉಳಿಯಿತು. ಸಂಜೆ ಐದೂವರೆ ಅಂತ ಅರ್ಥ.

ಹಾಗಾದರೆ ಸ್ಮಾರ್ಟ್ ವಾಚು ಬೇಡವೇ?

ಬೇಡ ಅಂತ ನಾನು ಹೇಳುತ್ತಿಲ್ಲ. ನಡಿಗೆ ಎಣಿಸಲು, ಫೋನು ಬಂದದ್ದು ತಿಳಿಯಲು ಅದು ಒಳ್ಳೆಯದೇ. ಬೇಕಾದವರು ಕಟ್ಟಲಿ. ಆದರೆ ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ.

‘ಸೂಜಿ ಚುಚ್ಚದೆ ಸಕ್ಕರೆ ಕಾಯಿಲೆ ನೋಡುವ ವಾಚು’ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರವರಿಯಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಚರ್ಮಕ್ಕೆ ಚುಚ್ಚದೆ ತಾನೇ ರಕ್ತದ ಸಕ್ಕರೆ ಅಳೆಯುತ್ತೇನೆ ಅನ್ನುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಹೇಳಿತು. ತಪ್ಪು ಅಂಕಿ ನಂಬಿ ಮಾತ್ರೆ, ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ. ಸಕ್ಕರೆ ಪರೀಕ್ಷೆ, ಬಿ.ಪಿ. ಪರೀಕ್ಷೆ ಆಸ್ಪತ್ರೆಯಲ್ಲೇ ಮಾಡಿಸಿ.

ಕೊಳ್ಳುವ ಮುಂಚೆ ಕೇಳಿಕೊಳ್ಳಿ

* ನನಗೆ ಬೇಕಾದದ್ದು ಟೈಮ್ ಮಾತ್ರವೇ? ಹಾಗಾದರೆ ಮುಳ್ಳಿನ ವಾಚು ಸಾಕು.
* 12 ಅಂಕಿಯೂ ದೊಡ್ಡದಾಗಿ ಇವೆಯೇ? ಬರೀ ಗೀಟು ಇರುವ ವಾಚು ಹೊಸಬರಿಗೆ ಕಷ್ಟ.
* ನೀರು ಬಿದ್ದರೆ ತಡೆಯುತ್ತದೆಯೇ? ಹೊಲ, ತೋಟದ ಕೆಲಸದವರು ಇದನ್ನು ಕೇಳಲೇಬೇಕು.
* ರಿಪೇರಿ, ಸೆಲ್ಲು ಹತ್ತಿರದಲ್ಲೇ ಸಿಗುತ್ತವೆಯೇ?
* ಬಿಲ್ಲು, ಗ್ಯಾರಂಟಿ ಕಾರ್ಡು ಕೊಟ್ಟರೇ? ಕಾರ್ಡಿನ ಮೇಲೆ ತಾರೀಕು, ಅಂಗಡಿ ಮುದ್ರೆ ಇದೆಯೇ? ಓದಿ ನೋಡಿ. ಓದಲು ಕಲಿತದ್ದು ಇದಕ್ಕೇ.

ವಾಚು ಕೊಂಡ ಮೇಲೆ ಇನ್ನೊಂದು ಕೆಲಸ ಮಾಡಿ. ಕೆಲಸಕ್ಕೆ ಹೋದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ದಿನಾ ಒಂದು ಪುಸ್ತಕದಲ್ಲಿ ಬರೆಯಿರಿ. ಆ ಅಕ್ಕ ಈಗ ಹಾಗೇ ಮಾಡುತ್ತಾರೆ. ಹೋದ ತಿಂಗಳು ಹೆಚ್ಚು ಹೊತ್ತು ದುಡಿದ ಎರಡು ದಿನ ಮೇಸ್ತ್ರಿಯ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಅಕ್ಕ ಪುಸ್ತಕ ತೋರಿಸಿದರು. ಮೇಸ್ತ್ರಿ ನೋಡಿ ಸರಿ ಮಾಡಿದರು. “ನನ್ ಹೊತ್ತು ನಾನೇ ನೋಡ್ದೆ, ನಾನೇ ಬರ್ದೆ” ಅಂತ ನಮಗೆ ಬಂದು ಹೇಳಿದರು.

ಹೊಸ ಪದಗಳು

ಪರದೆ – ವಾಚಿನ, ಫೋನಿನ ಬೆಳಗುವ ಗಾಜು
ಕಂಪಿಸು – ನಡುಗು
ಪಾಳಿ – ಕೆಲಸದ ಸರದಿ, ಶಿಫ್ಟು
ಮುಕ್ಕಾಲು – ನಾಲ್ಕು ಪಾಲಿನಲ್ಲಿ ಮೂರು ಪಾಲು

ಅಭ್ಯಾಸ

1. ದೊಡ್ಡ ಮುಳ್ಳು 3ರಲ್ಲಿದೆ. ಚಿಕ್ಕ ಮುಳ್ಳು 6 ದಾಟಿದೆ. ಗಂಟೆ ಎಷ್ಟು?
2. ದೊಡ್ಡ ಮುಳ್ಳು 10ರಲ್ಲಿದೆ. ಚಿಕ್ಕ ಮುಳ್ಳು 4ರ ಹತ್ತಿರ ಇದೆ, ದಾಟಿಲ್ಲ. ಗಂಟೆ ಎಷ್ಟು?
3. ರೈಲು 21:15ಕ್ಕೆ ಬರುತ್ತದೆ. ನಮ್ಮ ಮಾತಿನಲ್ಲಿ ಹೇಳಿ.
4. ಒಂದು ವಾಚಿನ ಬೆಲೆ 2,600 ರೂಪಾಯಿ. ಕಂತಿನಲ್ಲಿ ಕೊಂಡರೆ ತಿಂಗಳಿಗೆ 250 ರೂಪಾಯಿಯಂತೆ 12 ತಿಂಗಳು ಕಟ್ಟಬೇಕು. ಎಷ್ಟು ಹೆಚ್ಚು ಕೊಟ್ಟ ಹಾಗಾಯಿತು?
5. ನಿಮ್ಮ ಮನೆಯಲ್ಲಿ ನಿಂತುಹೋದ ಹಳೆಯ ವಾಚು ಇದೆಯೇ? ಅದು ಯಾರದು? ಅದರ ಬಗ್ಗೆ ಐದು ವಾಕ್ಯ ಬರೆಯಿರಿ. ಮುಂದಿನ ವಾರ ಕೇಂದ್ರಕ್ಕೆ ತನ್ನಿ, ಎಲ್ಲರ ಮುಂದೆ ಓದೋಣ.

ಉತ್ತರ: 1) ಆರೂಕಾಲು 2) ಮೂರು ಗಂಟೆ ಐವತ್ತು ನಿಮಿಷ 3) ರಾತ್ರಿ ಒಂಬತ್ತೂಕಾಲು 4) 400 ರೂಪಾಯಿ