ಊಟ ಎಷ್ಟು ಜನಕ್ಕೆ? ಲುಕರ್ ಸ್ಟುಡಿಯೋದಲ್ಲಿ ಮೊದಲ ಡ್ಯಾಶ್‌ಬೋರ್ಡ್

ಹೋದ ವರ್ಷ ನಮ್ಮ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತ್ ಸಾಕಾಗಲಿಲ್ಲ. ವೇದಿಕೆ ಕೆಲಸ ಮುಗಿಸಿ ಕೊನೆಗೆ ಊಟಕ್ಕೆ ಬಂದ ಸ್ವಯಂಸೇವಕರಿಗೂ, ಆಗಷ್ಟೇ ಊರಿಂದ ಬಂದಿದ್ದ ಹೊಸ ವಿದ್ಯಾರ್ಥಿಗಳಿಗೂ ಸಿಕ್ಕಿದ್ದು ಮೊಸರನ್ನ, ಉಪ್ಪಿನಕಾಯಿ ಅಷ್ಟೇ. ಅಡುಗೆಯವರ ತಪ್ಪೇನೂ ಇರಲಿಲ್ಲ, ಲೆಕ್ಕ ಕೊಟ್ಟವರು ನಾವೇ. ಗೂಗಲ್ ಫಾರ್ಮ್‌ಗೆ ಎಷ್ಟು ಉತ್ತರ ಬಂದಿದೆಯೋ ಅಷ್ಟೇ ಜನ ಅಂದ್ಕೊಂಡ್ವಿ. ಆದ್ರೆ ನಾಲ್ಕು ಜನರ ಕುಟುಂಬ ಫಾರ್ಮ್ ತುಂಬೋದು ಒಂದೇ ಸಲ ಅಲ್ವಾ?

ಅದಕ್ಕೇ ಈ ವರ್ಷ ಸಂಘದ ಲೆಕ್ಕವನ್ನ ಎಲ್ಲರೂ ನೋಡೋ ಹಾಗೆ ಒಂದು ಡ್ಯಾಶ್‌ಬೋರ್ಡ್ ಮಾಡಿದ್ವಿ. ಬಳಸಿದ್ದು ಲುಕರ್ ಸ್ಟುಡಿಯೋ. 2016ರಲ್ಲಿ ಗೂಗಲ್ ಇದನ್ನ ಡೇಟಾ ಸ್ಟುಡಿಯೋ ಅನ್ನೋ ಹೆಸರಲ್ಲಿ ತಂದಿತು. ಲುಕರ್ ಸ್ಟುಡಿಯೋ ಅನ್ನೋ ಹೆಸರು ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ಬ್ರೌಸರ್‌ನಲ್ಲೇ ನಡೆಯುತ್ತೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಂಘದಂಥ ಸಣ್ಣ ಕೆಲಸಕ್ಕೆ ಉಚಿತ ಆವೃತ್ತಿ ಸಾಕು. ಕೋಡಿಂಗ್ ಬರದಿದ್ದರೂ ಪರವಾಗಿಲ್ಲ.

ಮೊದಲು ಶೀಟ್ ಸರಿಮಾಡಿ

ಅರ್ಧಕ್ಕಿಂತ ಹೆಚ್ಚು ಕೆಲಸ ಇರೋದು ಇಲ್ಲೇ. ಒಂದು ಸಾಲು ಅಂದ್ರೆ ಒಂದು ನೋಂದಣಿ. ಮೊದಲ ಸಾಲಿನಲ್ಲಿ ಕಾಲಂಗಳ ಹೆಸರು: ದಿನಾಂಕ, ಕಾರ್ಯಕ್ರಮ, ವಿದ್ಯಾರ್ಥಿಯೋ ಕುಟುಂಬವೋ, ಹೆಸರು ಕೊಟ್ಟವರು, ಬಂದವರು. ಕೊನೆಯ ಎರಡರಲ್ಲಿ ತಲೆ ಎಣಿಕೆ ಮಾತ್ರ ಇರಲಿ. ‘ನಾಲ್ಕು ಜನ, ಒಂದು ಮಗು’ ಅಂತ ಬರೆದರೆ ಕೂಡಿಸೋಕೆ ಆಗಲ್ಲ. ಸೆಲ್‌ಗಳನ್ನ ಮರ್ಜ್ ಮಾಡಬೇಡಿ. ಕೆಳಗೆ ‘ಒಟ್ಟು’ ಅಂತ ಸಾಲು ಇದ್ದರೆ ತೆಗೆದುಬಿಡಿ. ಇಲ್ಲದಿದ್ದರೆ ಉಪಕರಣ ಅದನ್ನೂ ಒಂದು ನೋಂದಣಿ ಅಂದ್ಕೊಂಡು ಕೂಡಿಸಿ, ಮೊತ್ತವನ್ನ ಎರಡರಷ್ಟು ಮಾಡುತ್ತೆ.

ಇನ್ನು ದಿನಾಂಕ. ನಮ್ಮಂಥವರು ಎಡವೋದು ಇಲ್ಲೇ. ನವೆಂಬರ್ 1ನ್ನ ಊರಿನ ಅಭ್ಯಾಸದಲ್ಲಿ 01/11 ಅಂತ ಬರೆದ್ವಿ. ಶೀಟ್‌ನ ಲೊಕೇಲ್ ಅಮೆರಿಕದ್ದು, ಅಲ್ಲಿ ಮೊದಲು ಬರೋದು ತಿಂಗಳು. ಹಾಗಾಗಿ ನಮ್ಮ ರಾಜ್ಯೋತ್ಸವ ಜನವರಿ 11ಕ್ಕೆ ಹೋಗಿ ಕೂತಿತ್ತು! 25/10 ಅಂತ ಬರೆದದ್ದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯಿತು, ಯಾಕಂದ್ರೆ 25ನೇ ತಿಂಗಳು ಇಲ್ಲ. ಆಮೇಲೆ ಲೊಕೇಲ್ ಬದಲಾಯಿಸಿದರೂ ಹಳೆಯ ತಪ್ಪು ತಾನಾಗಿ ಸರಿಹೋಗಲ್ಲ, ಮತ್ತೆ ತುಂಬಬೇಕು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ಅಂದ್ರೆ 2024-11-01 ಅಂತ ಬರೆದರೆ ಗೊಂದಲ ಇರಲ್ಲ.

ಶೀಟನ್ನ ಜೋಡಿಸೋದು

ಲುಕರ್ ಸ್ಟುಡಿಯೋದಲ್ಲಿ ಖಾಲಿ ರಿಪೋರ್ಟ್ ತೆರೆದರೆ ಡೇಟಾ ಎಲ್ಲಿಂದ ಅಂತ ಕೇಳುತ್ತೆ. ಗೂಗಲ್ ಶೀಟ್ಸ್ ಆರಿಸಿ, ನಿಮ್ಮ ಶೀಟ್, ಅದರೊಳಗಿನ ಟ್ಯಾಬ್ ಆರಿಸಿ. ಮೊದಲ ಸಾಲನ್ನ ಕಾಲಂ ಹೆಸರಾಗಿ ಬಳಸೋ ಆಯ್ಕೆಗೆ ಟಿಕ್ ಇದೆಯಾ ನೋಡಿ. ಆಮೇಲೆ ಫೀಲ್ಡ್‌ಗಳ ಪಟ್ಟಿ ಬರುತ್ತೆ. ದಿನಾಂಕದ ಮುಂದೆ ‘ಡೇಟ್’, ತಲೆ ಎಣಿಕೆಯ ಮುಂದೆ ‘ನಂಬರ್’ ಇರಬೇಕು. ‘ಟೆಕ್ಸ್ಟ್’ ಅಂತ ಇದ್ದರೆ ಶೀಟ್‌ನಲ್ಲಿ ಏನೋ ತಪ್ಪಿದೆ ಅಂತ ಅರ್ಥ. ವಾಪಸ್ ಹೋಗಿ ಸರಿಮಾಡಿ.

ಎರಡೇ ಪದ ಗೊತ್ತಿದ್ದರೆ ಸಾಕು

ಹಸಿರು ಬಣ್ಣದಲ್ಲಿ ಬರೋದು ಡೈಮೆನ್ಶನ್, ಅಂದ್ರೆ ಯಾವುದರ ಪ್ರಕಾರ ಗುಂಪು ಮಾಡಬೇಕು ಅನ್ನೋದು: ಕಾರ್ಯಕ್ರಮ, ತಿಂಗಳು. ನೀಲಿ ಬಣ್ಣದ್ದು ಮೆಟ್ರಿಕ್, ಅಂದ್ರೆ ಏನನ್ನ ಎಣಿಸಬೇಕು, ಕೂಡಿಸಬೇಕು ಅನ್ನೋದು. ‘ಯಾವ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದ್ರು?’ ಅನ್ನೋ ಪ್ರಶ್ನೆಯಲ್ಲಿ ಕಾರ್ಯಕ್ರಮ ಡೈಮೆನ್ಶನ್, ‘ಬಂದವರು’ ಮೆಟ್ರಿಕ್. ಪ್ರಶ್ನೆಯನ್ನ ಹೀಗೆ ಬಿಡಿಸೋಕೆ ಬಂದ್ರೆ ಚಾರ್ಟ್ ಅರ್ಧ ಆದಂತೆ.

ಒಂದು ಎಚ್ಚರಿಕೆ. ಹೊಸ ಚಾರ್ಟ್ ಹಾಕಿದಾಗ ಎಷ್ಟೋ ಸಲ ಅದು ತಾನೇ ‘ರೆಕಾರ್ಡ್ ಕೌಂಟ್’ ಅನ್ನೋ ಮೆಟ್ರಿಕ್ ಇಟ್ಟುಕೊಳ್ಳುತ್ತೆ. ಅದು ಸಾಲುಗಳ ಸಂಖ್ಯೆ, ತಲೆಗಳ ಸಂಖ್ಯೆ ಅಲ್ಲ. ಹೋದ ವರ್ಷ ನಾವು ಬರಿಗಣ್ಣಲ್ಲಿ ಮಾಡಿದ ತಪ್ಪನ್ನೇ ಇದು ಬಣ್ಣಬಣ್ಣದ ಚಿತ್ರದಲ್ಲಿ ಮಾಡಿ ತೋರಿಸುತ್ತೆ. ಅದನ್ನ ತೆಗೆದು ‘ಹೆಸರು ಕೊಟ್ಟವರು’ ಎಳೆದು ಹಾಕಿ, ಲೆಕ್ಕದ ಬಗೆ ‘ಸಮ್’ ಇರಲಿ.

ಮೂರು ಚಾರ್ಟ್, ಒಂದು ಅನುಪಾತ

ಶುರುವಿಗೆ ಮೂರು ಸಾಕು. ಒಟ್ಟು ತಲೆ ಎಣಿಕೆಗೆ ಸ್ಕೋರ್‌ಕಾರ್ಡ್, ಕಾರ್ಯಕ್ರಮಗಳ ಹೋಲಿಕೆಗೆ ಬಾರ್ ಚಾರ್ಟ್, ನೋಂದಣಿ ದಿನದಿಂದ ದಿನಕ್ಕೆ ಹೇಗೆ ಏರಿತು ಅಂತ ನೋಡೋಕೆ ಟೈಮ್ ಸೀರೀಸ್. ಮೇಲ್ಗಡೆ ಕಾರ್ಯಕ್ರಮ ಆರಿಸೋ ಒಂದು ಡ್ರಾಪ್‌ಡೌನ್ ಇಟ್ಟರೆ ಪುಟದ ಚಾರ್ಟ್‌ಗಳೆಲ್ಲ ಅದರ ಪ್ರಕಾರ ಬದಲಾಗುತ್ವೆ.

ಊಟ ಹೇಳೋಕೆ ನಿಜವಾಗಿ ಬೇಕಾಗಿರೋದು ಹೆಸರು ಕೊಟ್ಟವರಲ್ಲಿ ಎಷ್ಟು ಪಾಲು ಬರ್ತಾರೆ ಅನ್ನೋದು. ಇದಕ್ಕೆ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಮಾಡ್ಕೋಬೇಕು: ಬಂದವರ ಮೊತ್ತವನ್ನ ಹೆಸರು ಕೊಟ್ಟವರ ಮೊತ್ತದಿಂದ ಭಾಗಿಸಿ. ಒಂದೊಂದು ಕಾರ್ಯಕ್ರಮದ ಶೇಕಡಾವಾರು ತೆಗೆದು ಅವುಗಳ ಸರಾಸರಿ ಮಾಡಬೇಡಿ. ಉದಾಹರಣೆಗೆ, ಒಂದಕ್ಕೆ 10 ಜನ ಹೆಸರು ಕೊಟ್ಟು 10 ಜನವೂ ಬಂದ್ರು, ಇನ್ನೊಂದಕ್ಕೆ 100 ಜನ ಕೊಟ್ಟು 60 ಜನ ಬಂದ್ರು ಅಂತಿಟ್ಟುಕೊಳ್ಳಿ. ಶೇಕಡಾ 100 ಮತ್ತು 60ರ ಸರಾಸರಿ 80. ಆದ್ರೆ ನಿಜಕ್ಕೂ ಬಂದಿದ್ದು 110ರಲ್ಲಿ 70, ಅಂದ್ರೆ ಸುಮಾರು ಶೇಕಡಾ 64. ಆ 80ನ್ನ ನಂಬಿ ಊಟ ಹೇಳಿದ್ರೆ ಅನ್ನ ಮಿಕ್ಕು ಚೆಲ್ಲಬೇಕಾಗುತ್ತೆ.

ಹಂಚೋ ಮುಂಚೆ

ಫಾರ್ಮ್‌ನಲ್ಲಿ ಜನ ನಮ್ಮನ್ನ ನಂಬಿ ಫೋನ್ ನಂಬರ್, ಅಲರ್ಜಿ ಎಲ್ಲ ಕೊಟ್ಟಿರ್ತಾರೆ. ರಿಪೋರ್ಟ್ ಮಾಲೀಕರ ಅನುಮತಿಯ ಮೇಲೆ ಓಡ್ತಾ ಇದ್ದರೆ, ಶೀಟ್ ತೆರೆಯೋ ಹಕ್ಕಿಲ್ಲದವರಿಗೂ ಚಾರ್ಟ್‌ನಲ್ಲಿರೋ ಡೇಟಾ ಕಾಣಿಸುತ್ತೆ. ಆದ್ದರಿಂದ ಇನ್ನೊಂದು ಟ್ಯಾಬ್ ಮಾಡಿ, ಕ್ವೆರಿ ಫಂಕ್ಷನ್‌ನಿಂದ ಬೇಕಾದ ಕಾಲಂಗಳನ್ನ ಮಾತ್ರ ಅಲ್ಲಿಗೆ ತಂದು, ಆ ಟ್ಯಾಬನ್ನಷ್ಟೇ ಜೋಡಿಸಿ. ತರದೇ ಇರೋ ಮಾಹಿತಿ ಸೋರೋಕೆ ಸಾಧ್ಯ ಇಲ್ಲ.

ಇನ್ನೊಂದು ವಿಷಯ: ಶೀಟ್ ಬದಲಾದ ತಕ್ಷಣ ಚಾರ್ಟ್ ಬದಲಾಗಲಿಲ್ಲ ಅಂತ ಗಾಬರಿ ಬೇಡ. ಗೂಗಲ್ ಶೀಟ್ಸ್‌ಗೆ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಹೊಸ ಡೇಟಾ ಬರುತ್ತೆ. ಅವಸರ ಇದ್ದರೆ ಮೆನುವಿನಲ್ಲಿ ‘ರಿಫ್ರೆಶ್ ಡೇಟಾ’ ಒತ್ತಿ.

ಕೊನೆಯದಾಗಿ, ಬರೋ ವರ್ಷದ ಸಮಿತಿಯವರಿಗೆ. ನಾವೆಲ್ಲ ಪದವಿ ಮುಗಿಸಿ ಹೊರಡೋರು. ಡ್ಯಾಶ್‌ಬೋರ್ಡ್ ಒಬ್ಬರ ವಿದ್ಯಾರ್ಥಿ ಖಾತೆಯಲ್ಲಿದ್ದರೆ, ಆ ಖಾತೆ ಮುಚ್ಚಿದ ದಿನ ಇದೂ ನಿಲ್ಲುತ್ತೆ. ಅದಕ್ಕೇ ಶೀಟನ್ನೂ ರಿಪೋರ್ಟನ್ನೂ ಸಂಘದ ಸಾಮಾನ್ಯ ಖಾತೆಯಲ್ಲೇ ಮಾಡಿದ್ದೀವಿ. ನೀವು ಮಾಡಬೇಕಾದ್ದು ಒಂದೇ. ಕಾರ್ಯಕ್ರಮದ ದಿನ ಬಾಗಿಲ ಬಳಿ ಒಬ್ಬರು ನಿಂತು ಬಂದವರ ತಲೆ ಎಣಿಸಿ, ಅವತ್ತು ರಾತ್ರಿಯೇ ಆ ಕಾಲಂ ತುಂಬಿಬಿಡಿ. ಆ ಅಂಕಿ ಇಲ್ಲದಿದ್ದರೆ ಎಂಥ ಚಾರ್ಟೂ ದಂಡ. ಅದಿದ್ದರೆ ಕೊನೆಯ ಸಾಲಿನಲ್ಲಿ ನಿಂತವರಿಗೂ ಬಿಸಿಬೇಳೆಬಾತ್ ಸಿಗುತ್ತೆ.