ಹತ್ತಡಿ ಕೋಣೆಯೊಳಗಿನ ರೆಕಾರ್ಡಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸುತ್ತಿನವು. ಎಲ್ಲರೂ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರು. ಬಹಳಷ್ಟು ಜನ ಕೇಳಿರುವುದು ಯಾವ ಮೈಕ್ ಕೊಳ್ಳಬೇಕು ಎಂದು. ನಾನು ಮಾತ್ರ ಕೋಣೆಯ ಬಗ್ಗೆಯೇ ಬರೆಯುತ್ತೇನೆ. ಕೋಣೆ ಸರಿಯಿಲ್ಲದಿದ್ದರೆ ದುಬಾರಿ ಮೈಕು ಆ ಕೋಣೆಯ ದೋಷವನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ, ಅಷ್ಟೇ.

ಸರ್, 10 ಅಡಿ ಉದ್ದ, 10 ಅಡಿ ಅಗಲದ ಆರ್‌ಸಿಸಿ ರೂಮಿನಾಗ ತತ್ವಪದ, ಭಜನಿ ಪದ ರೆಕಾರ್ಡ್ ಮಾಡ್ತೀವಿ. ಗ್ವಾಡಿಗೆಲ್ಲ ತತ್ತಿ ಟ್ರೇ ಬಡಿದು, ಮ್ಯಾಲೆ ಒಂದಿಂಚಿನ ಫೋಮ್ ಅಂಟಿಸೀವಿ. ಆದ್ರೂ ದನಿ ಡಬ್ಬಿಯೊಳಗಿಂದ ಬಂದಂಗ ಕೇಳತೈತಿ. ಮೈಕ್ ಬದಲಿ ಮಾಡಬೇಕೇನ್ರಿ?
— ಓದುಗರು, ಕೊಟ್ಟೂರು

ಮೈಕ್ ಬದಲಿಸಬೇಡಿ. ನೀವು ಎತ್ತರ ಬರೆದಿಲ್ಲ. ಆರ್‌ಸಿಸಿ ಮನೆ ಎಂದಮೇಲೆ ಅದೂ 10 ಅಡಿಯೇ ಇದ್ದೀತು. ಹಾಗಿದ್ದರೆ ತೊಂದರೆಯ ಬೇರು ಅಲ್ಲೇ ಇದೆ.

ಎದುರುಬದುರು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುವಾಗ, ಆ ಅಂತರಕ್ಕೆ ಹೊಂದುವ ಕೆಲವು ಶ್ರುತಿಗಳು ಮಾತ್ರ ಉಬ್ಬಿ ನಿಲ್ಲುತ್ತವೆ. 10 ಅಡಿ ಅಂತರಕ್ಕೆ ಮೊದಲನೆಯದು ಸೆಕೆಂಡಿಗೆ ಸುಮಾರು 57 ಕಂಪನ; ಆಮೇಲೆ 114, 171, ಹೀಗೆ. ಉದ್ದ, ಅಗಲ, ಎತ್ತರ ಬೇರೆಬೇರೆ ಇದ್ದರೆ ಈ ಉಬ್ಬುಗಳು ಚದುರಿಕೊಳ್ಳುತ್ತವೆ. ನಿಮ್ಮಲ್ಲಿ ಮೂರೂ ಒಂದೇ ಆದ್ದರಿಂದ ಮೂರು ದಿಕ್ಕಿನ ಉಬ್ಬುಗಳೂ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ಗಂಡಸರ ದನಿಯ ಕೆಳಗಿನ ಸ್ವರಗಳು ಇರುವುದೂ 100ರಿಂದ 200 ಕಂಪನದೊಳಗೆ. ಅದಕ್ಕೇ ಹಾಡುವಾಗ ಒಂದೊಂದು ಸ್ವರ ಮಾತ್ರ ‘ಗುಂ’ ಎನ್ನುತ್ತದೆ.

ಇನ್ನು ಫೋಮ್. 100 ಕಂಪನದ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅಂಥ ಅಲೆಯನ್ನು ಗೋಡೆಗೆ ಹಚ್ಚಿದ ಮೆತ್ತನೆಯ ವಸ್ತು ಪೂರ್ತಿ ಹೀರಬೇಕಾದರೆ ಅದರ ದಪ್ಪ ಅಲೆಯ ಕಾಲುಭಾಗದ ಹತ್ತಿರ, ಅಂದರೆ ಮೂರಡಿಯ ಸುಮಾರಿಗೆ ಬರಬೇಕು. ಒಂದಿಂಚಿನ ಫೋಮ್ ತಿನ್ನುವುದು ‘ಸ’, ‘ಶ’, ತಾಳದ ಝಣತ್ಕಾರದಂಥ ಮೇಲಿನ ಸದ್ದನ್ನು ಮಾತ್ರ. ತತ್ತಿ ಟ್ರೇ ಎಂದರೆ ತೆಳ್ಳನೆಯ ರಟ್ಟು. ಅದರಿಂದ ಅಷ್ಟೂ ಆಗುವುದಿಲ್ಲ. ಮೇಲಿನ ಹೊಳಪು ಹೋಯಿತು, ಕೆಳಗಿನ ಉಬ್ಬು ಹಾಗೇ ಉಳಿಯಿತು. ನಿಮಗೆ ಕೇಳಿಸುತ್ತಿರುವ ಡಬ್ಬಿ ದನಿ ಇದೇ.

ಮೊದಲು ಟ್ರೇಗಳನ್ನೆಲ್ಲ ಕಿತ್ತುಹಾಕಿ, ಫೋಮನ್ನೂ ಅರ್ಧದಷ್ಟು ತೆಗೆಯಿರಿ. ಬಡಗಿಯವರಿಂದ 2 ಅಡಿ ಅಗಲ, 4 ಅಡಿ ಎತ್ತರದ ಚೌಕಟ್ಟುಗಳನ್ನು ಮಾಡಿಸಿ, ಒಳಗೆ 4 ಇಂಚು ದಪ್ಪ ರಾಕ್‌ವೂಲ್ ತುಂಬಿಸಿ. ಅಂಗಡಿಯಲ್ಲಿ ‘48 ಡೆನ್ಸಿಟಿ’ ಎಂದು ಕೇಳಿ. 2 ಇಂಚಿನದು ಸಿಕ್ಕರೆ ಎರಡು ಪದರ ಜೋಡಿಸಿ. ಮೇಲೆ ಹೊದಿಸುವ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋಗಬೇಕು. ರೆಕ್ಸಿನ್ ಬೇಡ. ಈ ಚೌಕಟ್ಟುಗಳನ್ನು ನಾಲ್ಕೂ ಮೂಲೆಗಳಲ್ಲಿ ಓರೆಯಾಗಿ, ಒಂದರ ಮೇಲೊಂದು ನೆಲದಿಂದ ಚಾವಣಿಯತನಕ ನಿಲ್ಲಿಸಿ. ಕೆಳಸ್ವರಗಳ ಒತ್ತಡ ಅತಿ ಹೆಚ್ಚು ಇರುವುದು ಮೂಲೆಯಲ್ಲಿ. ಓರೆಯಾಗಿ ನಿಲ್ಲಿಸಿದಾಗ ಹಿಂದೆ ಉಳಿಯುವ ಟೊಳ್ಳೂ ದಪ್ಪದ ಕೆಲಸ ಮಾಡುತ್ತದೆ. ಒಂದು ಚೌಕಟ್ಟನ್ನು ಹಾಡುವವರ ನೆತ್ತಿಯ ಮೇಲೆ ಚಾವಣಿಗೆ ತೂಗುಹಾಕಿ. ಮೈಕನ್ನು ಕೋಣೆಯ ನಟ್ಟನಡುವೆ ಇಡಬೇಡಿ, ಒಂದು ಗೋಡೆಯಿಂದ ಮೂರನೇ ಒಂದು ಪಾಲು ದೂರಕ್ಕೆ ತನ್ನಿ.

ಕೆಲಸ ಆಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಈಗ ಒಂದು ಸಲ, ಮುಗಿದ ಮೇಲೆ ಒಂದು ಸಲ, ಕೋಣೆಯಲ್ಲಿ ನಿಂತು ಅದೇ ಹಾಡಿನ ಒಂದೊಂದೇ ಸ್ವರವನ್ನು ಮೆಲ್ಲನೆ ಎಳೆಯುತ್ತ ಹೋಗಿ. ಯಾವ ಸ್ವರಕ್ಕೂ ಕೋಣೆ ತಾನಾಗಿ ದನಿಗೂಡಿಸಬಾರದು.

ಸರ್, ನಾನು ಮಕ್ಕಳಿಗೆ ಕಥೆ ಓದಿ ರೆಕಾರ್ಡ್ ಮಾಡುತ್ತೇನೆ. ಹಣ ಹಾಕುವ ಸ್ಥಿತಿಯಲ್ಲಿಲ್ಲ. ಮನೆಯಲ್ಲಿ ಹಳೆಯ ಕೌದಿ, ಗಾದಿ ಇವೆ, ಉಪಯೋಗಕ್ಕೆ ಬಂದಾವೆಯೇ? ಹೈವೇ ಲಾರಿಗಳ ಸದ್ದೂ ಬರುತ್ತದೆ.
— ಓದುಗರು, ಕೂಡ್ಲಿಗಿ

ಖಂಡಿತ ಬಂದಾವು, ತಾಯೀ. ಕೋಣೆಯ ಸದ್ದನ್ನು ಅಳೆಯುವ ಶಾಸ್ತ್ರ ಹುಟ್ಟಿದ್ದೇ ಮೆತ್ತೆಗಳಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸಲು ಹೊರಟ ವ್ಯಾಲೇಸ್ ಸಬೈನ್, ಪಕ್ಕದ ನಾಟಕ ಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಎಷ್ಟು ಮೆತ್ತೆಗೆ ಗುಂಗು ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಿಡಿದರು. ಇಂದಿಗೂ ಸ್ಟುಡಿಯೋ ಕಟ್ಟುವವರು ಬಳಸುವುದು ಆ ಸೂತ್ರವನ್ನೇ. ಇನ್ನು ಮನೆಯ ಕೋಣೆ ಎಂಬ ಸಂಕೋಚವೂ ಬೇಡ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಶುರುಮಾಡಿದ್ದು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ.

ಕೌದಿಯ ಗುಣವೇ ಪದರ. ಹಳೆ ಸೀರೆ, ಪಂಚೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಒತ್ತೊತ್ತಾಗಿ ದಾರ ಹಾಕಿರುತ್ತಾರೆ. ಸದ್ದು ಅದರೊಳಗೆ ನುಗ್ಗಿ ನೂಲಿನ ಸಂದುಗಳಲ್ಲಿ ಸವೆಯುತ್ತದೆ. ನಿಮ್ಮ ಬೆನ್ನ ಹಿಂದೆ ಗೋಡೆಯಿಂದ ಒಂದು ಗೇಣು ದೂರಕ್ಕೆ ಹಗ್ಗ ಕಟ್ಟಿ, ಎರಡು ಕೌದಿಗಳನ್ನು ನೆರಿಗೆ ಬರುವಂತೆ ಇಳಿಬಿಡಿ. ಬೆನ್ನ ಹಿಂದೆಯೇ ಏಕೆಂದರೆ, ಮುಂದಿನ ಸದ್ದು ಹಿಡಿಯುವ ಮೈಕು ನಿಮ್ಮತ್ತ ಮುಖ ಮಾಡಿರುವಾಗ ನಿಮ್ಮ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ. ಹತ್ತಿಯ ಗಾದಿಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಕಾಲಡಿಗೆ ಕಂಬಳಿ ಹಾಸಿ. ಮೈಕಿಗೂ ಬಾಯಿಗೂ ಒಂದು ಗೇಣಿನ ಅಂತರ ಸಾಕು.

ಲಾರಿಯ ಮಾತೇ ಬೇರೆ. ಕೌದಿ ಕೋಣೆಯೊಳಗಿನ ಗುಂಗನ್ನು ಹೀರುತ್ತದೆ. ಹೊರಗಿನ ಸದ್ದನ್ನು ತಡೆಯಲು ತೂಕ ಬೇಕು, ಸಂದು ಮುಚ್ಚಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳುವವರು ಬಹಳ ಜನ. ನಿಮ್ಮ ಊರಿನ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಜಂತಿಯ ಮೇಲೆ ಹೇರಿದ ಮಣ್ಣು ಇರುತ್ತದಲ್ಲ, ಅಲ್ಲಿ ನಡುಮನೆಯಲ್ಲಿ ಕೂತರೆ ಹೊರಗಿನ ಗದ್ದಲ ಎಷ್ಟೋ ಕಡಿಮೆ. ನೆಂಟರದೋ ಪರಿಚಿತರದೋ ಅಂಥ ಮನೆಯಿದ್ದರೆ ರೆಕಾರ್ಡಿಂಗನ್ನು ಅಲ್ಲಿಗೇ ಒಯ್ಯಿರಿ. ಇಲ್ಲವಾದರೆ ರಸ್ತೆಯಿಂದ ದೂರದ ಕೋಣೆ ಆರಿಸಿ, ಬಾಗಿಲು ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ.

ಬಾಗಳಿ ಕಲ್ಲೇಶ್ವರ ಗುಡಿಯ ಮಂಟಪದಲ್ಲಿ ಹಾಡಿದರೆ ದನಿ ತುಂಬಿಕೊಂಡು ಬರುತ್ತದೆ. ಅಲ್ಲಿಯೂ ಕಲ್ಲು, ನಮ್ಮ ಮನೆಯಲ್ಲೂ ಬರಿಗೋಡೆ. ಮನೆಯಲ್ಲಿ ಏಕೆ ಕೆಡುತ್ತದೆ?
— ಓದುಗರು, ಹರಪನಹಳ್ಳಿ

ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಇರುವುದು ಸದ್ದು ಮರಳಿ ಬರುವ ಹೊತ್ತಿನಲ್ಲಿ. ಮನೆಯಲ್ಲಿ ಮೂರಡಿ ದೂರದ ಗೋಡೆಗೆ ತಾಗಿದ ಸದ್ದು ಸೆಕೆಂಡಿನ ಇನ್ನೂರನೇ ಒಂದು ಪಾಲಿನಷ್ಟರಲ್ಲಿ ಹಿಂದಿರುಗುತ್ತದೆ. ಕಿವಿಗೆ ಅದು ಬೇರೆ ಸದ್ದಾಗಿ ಗೊತ್ತಾಗುವುದಿಲ್ಲ. ಮೂಲ ದನಿಯೊಳಗೇ ಬೆರೆತು ಕೆಲವು ಶ್ರುತಿಗಳನ್ನು ಅಳಿಸಿ, ಕೆಲವನ್ನು ಎತ್ತಿ, ದನಿಯ ಬಣ್ಣವನ್ನೇ ಕೆಡಿಸುತ್ತದೆ. ಮಂಟಪದಲ್ಲಿ ಗೋಡೆ ದೂರ. ಕಡೆದ ಕಂಬಗಳು, ಕೆತ್ತನೆಗಳು ಸದ್ದನ್ನು ನಾನಾ ದಿಕ್ಕಿಗೆ ಚೆದುರಿಸುತ್ತವೆ. ಮರಳುವ ಸದ್ದು ತಡವಾಗಿ, ಚೂರುಚೂರಾಗಿ ಬಂದು ಹಾಡಿನ ಬೆನ್ನಿಗೆ ನಿಲ್ಲುತ್ತದೆ. ಆದ್ದರಿಂದ ಮನೆಯಲ್ಲಿ ಒಣ ದನಿಯನ್ನೇ ಹಿಡಿಯಿರಿ, ಗುಂಗನ್ನು ಮಿಕ್ಸಿಂಗ್ ಹೊತ್ತಿಗೆ ಸೇರಿಸಿ. ಸೇರಿಸುವಾಗ ಬಾಗಳಿಯಲ್ಲಿ ಕೇಳಿದ್ದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಗೊರವಯ್ಯಗಳ ಡಮರುಗ ಕೋಣೆಯಲ್ಲಿ ಒಡಕಾಗಿ ಕೇಳುತ್ತದೆ.
— ಓದುಗರು, ಹೂವಿನಹಡಗಲಿ

ಕೋಣೆಯೇ ಬೇಡ. ಮೈಲಾರದ ಬಯಲಿನಲ್ಲಿ ಕೇಳುವ ವಾದ್ಯವನ್ನು ಬಯಲಿನಲ್ಲೇ ಹಿಡಿಯಿರಿ. ಬೆಳಗಿನ ಜಾವ, ಗಾಳಿ ಏಳುವ ಮುಂಚೆ, ಗೋಡೆಗಳಿಂದ ದೂರದ ಕಣದಲ್ಲಿ ನಾಲ್ಕೈದು ಅಡಿಗೆ ಮೈಕು ನಿಲ್ಲಿಸಿ, ಅದಕ್ಕೊಂದು ಗಾಳಿಗವಸು ಹಾಕಿ. ಮಟ್ಟ ತಗ್ಗಿಸಿಯೇ ಇಡಿ. ಡಮರುಗದ ಪೆಟ್ಟು ಥಟ್ಟನೆ ಏರುತ್ತದೆ.

14 ಅಡಿಗೆ 10 ಅಡಿ ರೂಮಿನ ನಡುವೆ ಕೂತು ಮಿಕ್ಸ್ ಮಾಡುತ್ತೇನೆ. ಇಲ್ಲಿ ಡೊಳ್ಳು ಸರಿಯಿರುತ್ತದೆ, ಕಾರಿನಲ್ಲಿ ಹಾಕಿದರೆ ಗುಡುಗುತ್ತದೆ.
— ಓದುಗರು, ಹಗರಿಬೊಮ್ಮನಹಳ್ಳಿ

ನಡುವೆ ಕೂತಿದ್ದೇ ಕಾರಣ. ಕೋಣೆಯ ಉದ್ದಕ್ಕೆ ಏಳುವ ಮೊದಲ ಉಬ್ಬು, ಸುಮಾರು 41 ಕಂಪನದ್ದು, ನಟ್ಟನಡುವೆ ಬಹುತೇಕ ಇಲ್ಲವಾಗುತ್ತದೆ. ಬೇಸ್ ಸಾಲದೆಂದು ನೀವು ಏರಿಸುತ್ತೀರಿ, ಅದು ಕಾರಿನಲ್ಲಿ ಹೊರಬೀಳುತ್ತದೆ. 10 ಅಡಿಯ ಗೋಡೆಗೆ ಮುಖ ಮಾಡಿ, ಆ ಗೋಡೆಯಿಂದ ಕಿವಿ ಐದೂಕಾಲು ಅಡಿ ದೂರ ಬರುವಂತೆ ಕೂರಿ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮತ್ರಿಕೋನ ಆಗಲಿ. ಗೆಳೆಯರೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲಿ. ಕೂತಲ್ಲಿಂದ ಸ್ಪೀಕರು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ರಾಕ್‌ವೂಲ್ ಚೌಕಟ್ಟು ತೂಗುಹಾಕಿ. ಮೂಲೆಗಳಿಗೆ ಕೊಟ್ಟೂರಿನವರಿಗೆ ಹೇಳಿದ ಮದ್ದೇ. ‘ರೂಮ್ ಇಕ್ಯೂ ವಿಝಾರ್ಡ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅಳತೆಯ ಮೈಕೊಂದಿದ್ದರೆ ಬೇಸ್ ಎಲ್ಲಿ ಬೀಳುತ್ತಿದೆ ಎಂದು ಗೆರೆ ಎಳೆದು ತೋರಿಸುತ್ತದೆ.

ರಾಕ್‌ವೂಲ್ ಮೈಗೆ ಹತ್ತಿದರೆ ಅಪಾಯವೇ? ಫೋಮ್ ಸುರಕ್ಷಿತವಲ್ಲವೇ?
— ಓದುಗರು, ಕೊಟ್ಟೂರು

ತುಂಬುವಾಗ ಅದರ ಎಳೆ ಚರ್ಮ ಕೆರೆಯುತ್ತದೆ, ಗಂಟಲಿಗೂ ಒಳ್ಳೆಯದಲ್ಲ. ಕೈಗವಸು, ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಹಾಕಿಕೊಂಡು ಹೊರಗೆ ಅಂಗಳದಲ್ಲಿ ಕೆಲಸ ಮಾಡಿ. ಒತ್ತಾಗಿ ನೇಯ್ದ, ಆದರೆ ಉಸಿರು ಹಾಯುವ ಬಟ್ಟೆಯಲ್ಲಿ ಪೂರ್ತಿ ಸುತ್ತಿದ ಮೇಲೆ ಅಷ್ಟು ಭಯವಿಲ್ಲ. ಹೆಚ್ಚು ಹೆದರಬೇಕಾದ್ದು ಅಗ್ಗದ ಫೋಮಿಗೆ. ರಾಕ್‌ವೂಲ್ ಕಲ್ಲು ಕರಗಿಸಿ ತೆಗೆದ ನಾರು, ಬೆಂಕಿ ಹಿಡಿಯುವುದಿಲ್ಲ. ಫೋಮ್ ಒಂದು ಕಿಡಿ ಸಾಕು, ವಿಷದ ಹೊಗೆ ಕಾರುತ್ತ ಉರಿಯುತ್ತದೆ. ಕೌದಿಯೂ ಹತ್ತಿಯದೇ ಆದ್ದರಿಂದ ಅದನ್ನೂ ದೀಪ, ಊದಿನಕಡ್ಡಿಗಳಿಂದ ದೂರವಿಡಿ. ಸ್ವಿಚ್ ಬೋರ್ಡಿನ ಸುತ್ತ ಒಂದು ಮೊಳ ಜಾಗದಲ್ಲಿ ಏನನ್ನೂ ಅಂಟಿಸಬೇಡಿ.